ಆರನೆಯ ಅಧ್ಯಾಯ ಮೆಲ್ಬರ್ನಿನಲ್ಲಿದೆ

ಬ್ಲೂಗಮ್ ರಿಜ್, ಸಿಡ್ನಿ
ಶನಿವಾರ, 14 ಸೆಪ್ಟೆಂಬರ್ 1996

ಸೌಭಾಗ್ಯವತಿ ಭಾಗೀರಥಿಗೆ ವೆಂಕಟರಾಮನ ಅನೇಕ ಆಶೀರ್ವಾದಗಳು.

ಆಶೀರ್ವಾದ ಎಂದು ಬರೆದದ್ದನ್ನು ನೋಡಿ ನೀನು ನಗುತ್ತೀಯ ಎಂದು ಗೊತ್ತು. ಹೆಂಡತಿಗೆ ಕಾಗದ ಬರೆದು ಎಷ್ಟೋ ವರ್ಷವಾಯಿತು, ಹೇಗೆ ಶುರು ಮಾಡಬೇಕೋ ತಿಳಿಯದೆ ನಮ್ಮಪ್ಪ ನಮ್ಮಮ್ಮನಿಗೆ ಬರೆಯುತ್ತಿದ್ದ ಹಾಗೆಯೇ ಶುರು ಮಾಡಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ನಾನು ಮತ್ತು ಸಂಜೆ ಹಿತ್ತಿಲ ಬೇಲಿಯ ಮೇಲೆ ಬಂದು ಕೂರುವ ನಿನ್ನ ಕೂಕಬರಾ ಹಕ್ಕಿ. ಅದು ನನ್ನ ಮುಖ ಕಂಡ ತಕ್ಷಣ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಏನು ಕಂಡು ನಗುತ್ತದೋ ನಾನು ವಿಚಾರಿಸಿಲ್ಲ.

ಒಂದು ಕೆಲಸದ ವಿಷಯವಾಗಿ ಬರೆಯುತ್ತಿದ್ದೇನೆ, ಬೇರೇನೂ ಇಲ್ಲ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಮ್ಮ ಭಾನುವಾರದ ಫೋನು ನಿನಗೆ ಗೊತ್ತೇ ಇದೆ. ಊಟ ಆಯಿತೇ ಎಂದು ನಾನು, ಆಯಿತು ನಿಮ್ಮದು ಎಂದು ನೀನು, ಅಷ್ಟರಲ್ಲಿ ಅಪರ್ಣ ಫೋನು ಕಿತ್ತುಕೊಂಡು ಅರ್ಜುನನ ಕೈಗೆ ಕೊಡುತ್ತಾಳೆ, ಅವನು ಹಲೋ ಎನ್ನುವುದಕ್ಕೂ ಮೊದಲೇ ಬೈ ಎಂದು ಇಟ್ಟುಬಿಡುತ್ತಾನೆ. ಮಗಳ ಬಾಣಂತನಕ್ಕೆಂದು ಮೂರು ತಿಂಗಳಿಗೆ ಹೋದವಳು ನೀನು. ಆ ಬಾಣಂತನದ ಮಗು ಈಗ ಫೋನಿನಲ್ಲಿ ತಾತನಿಗೆ ಬೈ ಹೇಳುವಷ್ಟು ದೊಡ್ಡದಾಗಿದೆ. ನಾನೇನೂ ದೂರುತ್ತಿಲ್ಲ. ಸಿಡ್ನಿ ಬಿಟ್ಟು ಹೋಗಿ ಮೆಲ್ಬರ್ನಿನಲ್ಲಿ ಸಿಡ್ನಿ ರೋಡ್ ಎಂಬ ಬೀದಿಯ ಪಕ್ಕದಲ್ಲೇ ಇದ್ದೀರಲ್ಲ, ಅಷ್ಟಾದರೂ ನೆನಪಿಟ್ಟಿದ್ದೀರಿ.

ವಿಷಯ ಇದು. ನಮ್ಮ ಸಬರ್ಬಿನ ಚರಿತ್ರೆ ಬರೆಸುತ್ತಿದ್ದಾರೆ. ನಮ್ಮ ಬೇಲಿಯಾಚೆಯ ಕಾಡನ್ನು ಸರ್ಕಾರ ಕೊಂಡು ಕಾಪಾಡಲು ಶುರು ಮಾಡಿ ಮುಂದಿನ ವರ್ಷಕ್ಕೆ ಅರವತ್ತು ತುಂಬುತ್ತದಂತೆ. ಕಾಡಿಗೆ ಷಷ್ಟ್ಯಬ್ದಿ ಎಂದಿಟ್ಟುಕೋ. ನನ್ನದು ಹೋದ ವರ್ಷವೇ ಬಂದು ಹೋಯಿತು. ಆದರೆ ಹೆಂಡತಿ ಪಕ್ಕದಲ್ಲಿ ಕೂರದೆ ಷಷ್ಟ್ಯಬ್ದಿ ಮಾಡಿಕೊಳ್ಳಲು ಶಾಸ್ತ್ರ ಒಪ್ಪುವುದಿಲ್ಲ, ಆದ್ದರಿಂದ ಆ ಮಟ್ಟಿಗೆ ನಾನಿನ್ನೂ ಐವತ್ತೊಂಬತ್ತರಲ್ಲೇ ಇದ್ದೇನೆ. ಇರಲಿ. ರೆಸಿಡೆಂಟ್ಸ್ ಕಮಿಟಿಯವರು ಪುಸ್ತಕದ ಅಧ್ಯಾಯಗಳನ್ನು ಹಂಚಿಕೊಂಡರು. ಹೇಗೂ ರಿಟೈರ್ ಆಗಿದ್ದೀರಿ, ಮೊದಲಿನಿಂದ ಇದೇ ಬೀದಿಯಲ್ಲಿದ್ದೀರಿ ಎಂದು ಆರನೆಯ ಅಧ್ಯಾಯವನ್ನು ನನ್ನ ತಲೆಗೆ ಕಟ್ಟಿದರು. ಹಣ್ಣಿನ ತೋಟಗಳನ್ನು ಸೈಟು ಮಾಡಿ ಮಾರಿದ ಎಂಬತ್ತಾರನೇ ಇಸವಿಯಿಂದ ಇಂದಿನವರೆಗೆ. ಅಂದರೆ ನಾವು ವೆಸ್ಟ್‌ಮೀಡಿನ ಬಾಡಿಗೆ ಫ್ಲಾಟು ಬಿಟ್ಟು ಇಲ್ಲಿ ಮನೆ ಕಟ್ಟಿಸಿದಲ್ಲಿಂದ.

ನಾನು ಜಂಬದಿಂದ ಒಪ್ಪಿಕೊಂಡೆ. ಕಾಗದ, ಪೆನ್ನು, ಕಾಫಿ ಎಲ್ಲ ಇಟ್ಟುಕೊಂಡು ಕೂತ ಮೇಲೆ ಗೊತ್ತಾಯಿತು, ನನಗೆ ಏನೂ ಗೊತ್ತಿಲ್ಲ. ಬೆಳಗ್ಗೆ ಎದ್ದು ಚಾಟ್ಸ್‌ವುಡ್ಡಿನ ಆಫೀಸಿಗೆ ಹೋಗುತ್ತಿದ್ದೆ, ಕತ್ತಲಾಗುವ ಹೊತ್ತಿಗೆ ಬರುತ್ತಿದ್ದೆ. ಈ ಊರಿನ ವಿಷಯ ನನ್ನ ಕಿವಿಗೆ ಬಿದ್ದದ್ದೆಲ್ಲ ನೀನು ಬಡಿಸುತ್ತಾ ಹೇಳಿದ್ದು. ಅದರಲ್ಲೂ ಅರ್ಧ ಕೇಳಿಸಿಕೊಂಡೆ, ಇನ್ನರ್ಧದ ಹೊತ್ತಿಗೆ ಟೀವಿಯಲ್ಲಿ ನ್ಯೂಸ್ ಬರುತ್ತಿತ್ತು.

ಸರಿ, ಮನೆಮನೆಗೆ ಹೋಗಿ ಕೇಳೋಣ ಎಂದು ಹೊರಟೆ. ಮೊದಲು ಮಿಸೆಸ್ ಡಾಲ್ಟನ್. ಇಲ್ಲಿ ಕೊನೆಯವರೆಗೂ ಕಿತ್ತಳೆ ತೋಟ ಇಟ್ಟುಕೊಂಡಿದ್ದವರ ಮಗಳು, ನಿನ್ನ ಜೀವದ ಗೆಳತಿ. ಕೂರಿಸಿ, ಟೀ ಕೊಟ್ಟು, ನಾನು ಬಾಯಿ ತೆರೆಯುವ ಮೊದಲೇ, ಎಲ್ಲವನ್ನೂ ನಿನ್ನ ಹೆಂಡತಿಗೆ ಹೇಳಿದ್ದೇನೆ, ಎರಡೆರಡು ಸಲ ಹೇಳಲು ಈ ವಯಸ್ಸಿನಲ್ಲಿ ನನ್ನಿಂದಾಗದು, ಅವಳನ್ನೇ ಕೇಳು ಎಂದಳು. ಅಲ್ಲಿಂದ ಮೂಲೆಮನೆಯ ಗ್ರೀಕ್ ದಂಪತಿಗಳ ಹತ್ತಿರ ಹೋದೆ. ಕಾಡಿನ ಮೂಲೆಯಲ್ಲಿ ರಸ್ತೆ ಮಾಡಲು ಬಂದಾಗ ಯಾರು ಯಾರು ಅಡ್ಡ ನಿಂತರು ಎಂದು ಕೇಳಿದರೆ, ಆ ದಿನ ನಿನ್ನ ಭಾಗಿ ಎಲ್ಲರಿಗೂ ಚಿತ್ರಾನ್ನ ಮಾಡಿಕೊಂಡು ಬಂದಿದ್ದಳು, ಅವಳಿಗೆ ಎಲ್ಲರ ಹೆಸರೂ ಗೊತ್ತು ಎಂದರು. ನನಗೆ ಚಿತ್ರಾನ್ನದ ಸಂಗತಿಯೇ ಗೊತ್ತಿರಲಿಲ್ಲ. ಆವತ್ತು ರಾತ್ರಿ ನನಗೆ ತಂಗಳು ಚಿತ್ರಾನ್ನ ಬಡಿಸಿದ್ದು ಮಾತ್ರ ನೆನಪಿದೆ, ಯಾಕೆ ಎಂದು ಗೊಣಗಿದ್ದೂ ನೆನಪಿದೆ. ಒಟ್ಟಿನಲ್ಲಿ ಬಡಾವಣೆಯ ಚರಿತ್ರೆಯನ್ನು ಹುಡುಕಿಕೊಂಡು ಬೀದಿಯುದ್ದಕ್ಕೂ ಅಲೆದವನಿಗೆ ಸಿಕ್ಕ ಮಾಹಿತಿ ಇಷ್ಟೇ: ಅದಷ್ಟೂ ಎದ್ದು ಮೆಲ್ಬರ್ನಿಗೆ ಹೋಗಿ ಕೂತಿದೆ.

ಪುಸ್ತಕದ ಮೊದಲ ಅಧ್ಯಾಯದಲ್ಲಿ ಈ ನೆಲದ ಮೂಲದವರಾದ ದಾರುಗ್ ಜನರ ಬಗ್ಗೆ ನಾಲ್ಕು ಸಾಲು ಬರೆದು ಕೈತೊಳೆದುಕೊಂಡಿದ್ದರು. ನಾನು ಮೀಟಿಂಗಿನಲ್ಲಿ ಎದ್ದು ನಿಂತು, ಸಾವಿರಾರು ವರ್ಷ ಇದ್ದವರಿಗೆ ನಾಲ್ಕು ಸಾಲು, ಹತ್ತು ವರ್ಷ ಇದ್ದ ನಮಗೆ ಒಂದು ಅಧ್ಯಾಯವೋ ಎಂದೆ. ಎಲ್ಲರೂ ತಿರುಗಿ ನೋಡಿದರು. ನನಗೂ ಆಶ್ಚರ್ಯವಾಯಿತು. ನೀನಿದ್ದರೆ ಹೀಗೇ ಕೇಳುತ್ತಿದ್ದೆ ಎನ್ನಿಸಿತು, ಕೇಳಿಬಿಟ್ಟೆ. ಈಗ ಆ ಅಧ್ಯಾಯವನ್ನು ಅವರ ಕಡೆಯವರೊಬ್ಬರ ಕೈಯಲ್ಲೇ ಬರೆಸುತ್ತಿದ್ದಾರೆ.

ಇನ್ನೊಂದು ವಿಷಯದಲ್ಲಿ ನೀನು ಗೆದ್ದೆ. ಊರಿನಿಂದ ಯಾರೇ ಬರಲಿ, ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಇದು ಸಾವಿರಾರು ವರ್ಷದಿಂದ ಯಾರೂ ಮುಟ್ಟದ ಕಾಡು ಎಂದು ನಾನು ಹೇಳುತ್ತಿದ್ದೆನಲ್ಲ. ಇಲ್ಲಾರೀ, ಇದನ್ನ ಪೂರ್ತಿ ಕಡಿದು ಬೋಳು ಮಾಡಿದ್ರಂತೆ ಎಂದು ನೀನು ಒಮ್ಮೆ ಹೇಳಿದೆ. ನಿನಗ್ಯಾರು ಹೇಳಿದರು ಎಂದು ಕೇಳಿ ನಾನು ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡೆ. ಮೊನ್ನೆ ಮಿಸೆಸ್ ಡಾಲ್ಟನ್ ಒಂದು ಹಳೆಯ ಫೋಟೋ ತೋರಿಸಿದಳು. ಬೋಳು ಗುಡ್ಡ, ನಾಲ್ಕು ಹಸು, ಅಲ್ಲೊಂದು ಇಲ್ಲೊಂದು ಮರ. ಅದು ನಮ್ಮ ಕಾಡು! ಮರ ಕಡಿಯುವವರು ದೊಡ್ಡ ದೊಡ್ಡ ಬ್ಲೂಗಮ್ ನೀಲಗಿರಿ ಮರಗಳನ್ನೆಲ್ಲ ಉರುಳಿಸಿ ಗಾಡಿಗೆ ಏರಿಸಿಕೊಂಡು ಹೋದ ಮೇಲೆ, ತೋಟಕ್ಕೂ ಬಾರದ ಆ ಗುಡ್ಡವನ್ನು ಸರ್ಕಾರ ಕೊಂಡು, ಸ್ವಲ್ಪ ಸಸಿ ನೆಟ್ಟು, ಉಳಿದದ್ದನ್ನು ಅದರ ಪಾಡಿಗೆ ಬಿಟ್ಟಿತಂತೆ. ಬಿಟ್ಟದ್ದೇ ಕಾಡಾಗಿ ಬೆಳೆದು ಬಂತು. ಹಳೆಯ ಬುಡಗಳು ಇನ್ನೂ ಒಳಗೆ ಇವೆ, ಮರ ಕಡಿಯುವವನು ಹಲಗೆ ಸಿಕ್ಕಿಸಿ ನಿಲ್ಲಲು ಕೊರೆದ ಗಾಯವೂ ಕಾಣಿಸುತ್ತದೆ. ನಾನು ಹೋಗಿ ಅದರೊಳಗೆ ಕೈಯಿಟ್ಟು ನೋಡಿದೆ. ಮನೆಗೆ ಬಂದು, ನೀನು ಹೇಳಿದ್ದು ಸರಿ ಕಣೇ ಎಂದು ಜೋರಾಗಿಯೇ ಹೇಳಿದೆ. ಹೇಳಿದ ಮೇಲೆ ಅಡುಗೆಮನೆ ಖಾಲಿ ಇದೆ ಎಂದು ನೆನಪಾಯಿತು.

ಮಂಗಳವಾರದ ಗುಂಪಿಗೂ ಸೇರಿದ್ದೇನೆ. ಹೌದು, ಸೀರೆಯ ಮೇಲೆ ನನ್ನ ಹಳೆಯ ಶರಟು ಹಾಕಿಕೊಂಡು, ಕಾಲಿಗೆ ಬೂಟು ಹಾಕಿಕೊಂಡು ಕಾಡಿನಲ್ಲಿ ಕಳೆ ಕೀಳಲು ನೀನು ಹೋಗುತ್ತಿದ್ದೆಯಲ್ಲ, ಅದೇ ಗುಂಪು. ಮೈಸೂರಿನಲ್ಲಿ ದುಡ್ಡು ಕೊಟ್ಟು ಆಳಿನ ಕೈಯಲ್ಲಿ ಮಾಡಿಸುತ್ತಿದ್ದ ಕೆಲಸಕ್ಕೆ ಇಲ್ಲಿ ಬಿಟ್ಟಿ ಹೋಗುತ್ತೀಯಲ್ಲ ಎಂದು ನಾನು ಹಂಗಿಸುತ್ತಿದ್ದೆ. ಈಗ ಅದೇ ಶರಟು ಹಾಕಿಕೊಂಡು ನಾನೇ ಹೋಗುತ್ತೇನೆ, ಅದರ ತೋಳಿನಲ್ಲಿ ನೀನು ಹಾಕಿದ ಹೊಲಿಗೆ ಇದೆ. ಮೊದಲ ದಿನ ಎಂಜಿನಿಯರ್ ಬುದ್ಧಿ ಉಪಯೋಗಿಸಿ, ಲಂಟಾನ ಎಲ್ಲಕ್ಕಿಂತ ದಟ್ಟವಾಗಿರುವ ಕಡೆ ನುಗ್ಗಿದೆ. ಗುಂಪಿನವರು ಹಿಡಿದು ನಿಲ್ಲಿಸಿದರು. ಇಲ್ಲಿ ಹಾಗಲ್ಲವಂತೆ. ಕಾಡು ಚೆನ್ನಾಗಿರುವ ಕಡೆಯಿಂದ ಶುರು ಮಾಡಿ, ಕೆಟ್ಟಿರುವ ಕಡೆಗೆ ನಿಧಾನವಾಗಿ ಬರಬೇಕಂತೆ. ಕಾಡು ತಾನಾಗಿ ಎಷ್ಟು ಮುಂದೆ ಬರುತ್ತದೋ ಅಷ್ಟೇ ಕೀಳಬೇಕು, ಅವಸರಪಟ್ಟು ನೆಲ ಬೋಳು ಮಾಡಿದರೆ ಅಲ್ಲಿ ಮತ್ತೆ ಹುಟ್ಟುವುದು ಕಳೆಯೇ. ಭಾಗಿ ನಿನಗೆ ಇದನ್ನೆಲ್ಲ ಹೇಳಿಲ್ಲವೇ ಎಂದು ಕೇಳಿದರು. ಹೇಳಿದ್ದಳು, ನನಗೆ ಮರೆತಿದೆ ಎಂದೆ. ನೀನು ಹೇಳಿದ್ದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಹೇಳಿರುತ್ತೀಯ. ಅದಾದ ಮೇಲೂ ಕಳೆ ಎಂದುಕೊಂಡು ಬ್ಲೂಗಮ್ ಸಸಿಗಳನ್ನೇ ಒಂದು ಹಿಡಿ ಕಿತ್ತುಬಿಟ್ಟೆ. ಈಗ ನನ್ನನ್ನು ಒಬ್ಬನೇ ಬಿಡುವುದಿಲ್ಲ, ಪಕ್ಕದಲ್ಲಿ ಒಬ್ಬರು ಕಾವಲಿರುತ್ತಾರೆ. ತೊರೆಯ ಪಕ್ಕದ ನಿನ್ನ ಜಾಗವನ್ನಂತೂ ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಅದು ಭಾಗಿಯದು, ಅವಳು ಬಂದು ಮಾಡುತ್ತಾಳೆ ಎನ್ನುತ್ತಾರೆ. ಯಾವಾಗ ಬರುತ್ತಾಳೆ ಎಂದು ನನ್ನನ್ನು ಕೇಳುತ್ತಾರೆ. ಮಗು ಇನ್ನೂ ಚಿಕ್ಕದು ಎನ್ನುತ್ತೇನೆ.

ಈ ಹತ್ತು ವರ್ಷದಲ್ಲಿ ನಿನಗೆ ಗೊತ್ತಿಲ್ಲದೆ ನನಗೊಬ್ಬನಿಗೇ ಗೊತ್ತಿರುವ ಚರಿತ್ರೆ ಒಂದು ಇದೆ. ತೊಂಬತ್ತನಾಲ್ಕರ ಜನವರಿಯ ಕಾಡ್ಗಿಚ್ಚು. ಹೆರಿಗೆಗೆ ಮೊದಲೇ ಇರಬೇಕೆಂದು ನೀನು ಅಷ್ಟು ಹೊತ್ತಿಗೆ ಮೆಲ್ಬರ್ನ್ ಸೇರಿದ್ದೆ. ಇಲ್ಲಿ ಸೂರ್ಯ ಕುಂಕುಮದ ಬಣ್ಣಕ್ಕೆ ತಿರುಗಿದ್ದ, ಒಣಹಾಕಿದ ಬಟ್ಟೆಯ ಮೇಲೆಲ್ಲ ಬೂದಿ. ನಾನು ಫೋನಿನಲ್ಲಿ ಏನೂ ಇಲ್ಲ, ಸ್ವಲ್ಪ ಹೊಗೆ ಅಷ್ಟೇ ಎಂದಿದ್ದೆ. ಸುಳ್ಳು. ಸೂರಿನ ದೋಣಿಗೆಲ್ಲ ನೀರು ತುಂಬಿಸಿ, ಕಾರನ್ನು ಬೀದಿಯ ಕಡೆಗೆ ತಿರುಗಿಸಿ ನಿಲ್ಲಿಸಿ, ಬೇಕಾದ್ದನ್ನು ಅದರಲ್ಲಿ ಇಟ್ಟುಕೊಂಡು ಸಿದ್ಧರಾಗಿರಿ ಎಂದು ಫೈರ್ ಬ್ರಿಗೇಡಿನವರು ಹೇಳಿ ಹೋಗಿದ್ದರು. ಎದುರು ಮನೆಯ ಮಂಗಳೂರು ಹುಡುಗಿ ಬ್ರಿಜಿಟ್ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ನನ್ನ ಕಾರಿನೊಳಗೆ ಇಣುಕಿ ನೋಡಿ, ಪಾಸ್‌ಪೋರ್ಟ್ ಎಲ್ಲಿ ಅಂಕಲ್, ಮನೆಪತ್ರ ಎಲ್ಲಿ ಎಂದಳು. ಎರಡೂ ಇರಲಿಲ್ಲ. ನಿನ್ನ ರೇಷ್ಮೆ ಸೀರೆಗಳಿದ್ದವು. ದೇವರ ಪೆಟ್ಟಿಗೆ ಇತ್ತು. ನಿನ್ನ ರುಬ್ಬುವ ಗ್ರೈಂಡರ್ ಇತ್ತು, ಅದನ್ನು ಎತ್ತಿಡುವಾಗ ನನ್ನ ಸೊಂಟ ಹಿಡಿದದ್ದು ಇನ್ನೂ ಪೂರ್ತಿ ಬಿಟ್ಟಿಲ್ಲ. ತುಳಸಿ ಕುಂಡವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಸೀಟ್‌ಬೆಲ್ಟ್ ಹಾಕಿದ್ದೆ. ಬ್ರಿಜಿಟ್ ನಗಲು ಹೋದವಳು ನನ್ನ ಮುಖ ನೋಡಿ, ಕುಂಡ ಅಲುಗದ ಹಾಗೆ ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿದಳು. ಬೆಂಕಿ ನಮ್ಮ ಕಾಡಿನವರೆಗೆ ಬರಲಿಲ್ಲ. ಇದನ್ನು ಆರನೆಯ ಅಧ್ಯಾಯದಲ್ಲಿ ಬರೆಯುವಂತಿಲ್ಲ. ಆದರೆ ನಿನಗೆ ಹೇಳಬೇಕೆನ್ನಿಸಿತು.

ಇಷ್ಟು ಹೊತ್ತು ಸುತ್ತಿ ಬಳಸಿ ಬರೆದೆ. ಈಗ ನೇರವಾಗಿಯೇ ಬರೆಯುತ್ತೇನೆ.

ಹೋದ ಭಾನುವಾರ ನೀನು ಅರ್ಜುನನಿಗೆ ಸ್ನಾನ ಮಾಡಿಸಲು ಹೋದಾಗ ಅಪರ್ಣ ನನಗೆ ಒಂದು ವಿಷಯ ಹೇಳಿದಳು. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ನಾನು ಅಲ್ಲಿಗೆ ಬಂದಿದ್ದೆನಲ್ಲ, ಎರಡು ದಿನ ಇದ್ದು ಹೊರಟೆನಲ್ಲ. ನಾನು ಹೊರಡುವ ದಿನ ಬಾಗಿಲ ಹಿಂದೆ ಇದ್ದ ನೀಲಿ ಸೂಟ್‌ಕೇಸು ನಿನ್ನದಂತೆ. ಹಿಂದಿನ ದಿನವೇ ನೀನು ಅದನ್ನು ತುಂಬಿ ಇಟ್ಟಿದ್ದೆಯಂತೆ. ಭಾಗೀರಥಿ, ನಾನು ಅದನ್ನು ಅಳಿಯ ಭಾಸ್ಕರನದು ಎಂದುಕೊಂಡಿದ್ದೆ. ಬೂಟು ಹಾಕಿಕೊಳ್ಳಲು ಅಡ್ಡವಾಗಿದೆ ಎಂದು ನಾನೇ ಅದನ್ನು ಎತ್ತಿ ಪಕ್ಕಕ್ಕೆ ಇಟ್ಟೆ. ಭಾರವಾಗಿತ್ತು. ನೀನು ಅಲ್ಲೇ ನಿಂತು ನೋಡುತ್ತಿದ್ದೆ. ನಾನೂ ಬರುತ್ತೇನೆ ಎಂದು ನೀನು ಹೇಳುತ್ತೀಯೇನೋ ಎಂದು ಬೂಟಿನ ಲೇಸನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಾ ನಾನು ಕಾದೆ. ಬಾ ಹೋಗೋಣ ಎಂದು ನಾನು ಹೇಳುತ್ತೇನೆಂದು ನೀನು ಕಾದೆ. ಕೊನೆಗೆ ನಾನು ಬರ್ತೀನಿ ಎಂದೆ, ನೀನು ಹೂಂ ಎಂದೆ. ಮೊಮ್ಮಗನ ಮೇಲಿನ ಮೋಹ, ನನ್ನ ಅಗತ್ಯ ಮುಗಿದಿದೆ ಎಂದುಕೊಂಡು ನಾನು ದಾರಿಯುದ್ದಕ್ಕೂ ಕಿಟಕಿಯ ಕಡೆಗೆ ಮುಖ ಮಾಡಿಕೊಂಡು ಬಂದೆ.

ಆಮೇಲೆ ನನ್ನ ಷಷ್ಟ್ಯಬ್ದಿ ಹತ್ತಿರ ಬಂತು. ಪೋಸ್ಟಿನಲ್ಲಿ ನಿನಗೆ ವಿಮಾನದ ಟಿಕೆಟ್ ಕಳಿಸಿದೆ. ಒಂದು ಸಾಲು ಬರೆಯಲಿಲ್ಲ, ಟಿಕೆಟ್ಟೇ ಹೇಳುತ್ತದಲ್ಲ ಎಂದುಕೊಂಡೆ. ನೀನು ಅದನ್ನು ಹಾಗೇ ವಾಪಸು ಕಳಿಸಿದೆ, ಜೊತೆಗೆ ಅರ್ಜುನನ ಒಂದು ಫೋಟೋ. ನನಗೆ ಬಂದ ಕೋಪ ಹೇಳತೀರದು. ಸ್ವಂತ ಮನೆಗೆ ಬರಲು ಇವಳಿಗೆ ಇನ್ನೆಂಥ ಆಹ್ವಾನ ಬೇಕು, ಓಲಗ ಊದಿಸಬೇಕೇ ಎಂದು ಈ ಗೋಡೆಗಳಿಗೆ ಕೂಗಿ ಹೇಳಿದೆ. ಆ ಕೋಪದಲ್ಲೇ ಒಂದು ವರ್ಷ ಕಳೆಯಿತು. ಕೋಪ ಎನ್ನುವುದು ಒಂಟಿ ಮನೆಯಲ್ಲಿ ಒಳ್ಳೆಯ ಜೊತೆ, ಏನನ್ನಾದರೂ ಮಾತಾಡುತ್ತಲೇ ಇರುತ್ತದೆ.

ಸೂಟ್‌ಕೇಸಿನ ವಿಷಯ ಕೇಳಿದ ಮೇಲೆ ತಡೆಯಲಾಗದೆ ಬ್ರಿಜಿಟ್‌ಳ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, ನೀವು ಎಂತ ಅಂಕಲ್, ಹೆಂಡತಿಯನ್ನು ಕರೀಲಿಕ್ಕೆ ಪೋಸ್ಟಲ್ಲಿ ಟಿಕೆಟ್ ಕಳಿಸುದಾ, ಬಾಣಂತನಕ್ಕೆ ಹೋದವರನ್ನು ಕರ್ಕೊಂಡು ಬರ್ಲಿಕ್ಕೆ ಮನೆಯವರು ಹೋಗ್ಬೇಕು ಮಾರಾಯ್ರೇ, ನಮ್ಮ ಮಂಗಳೂರಲ್ಲಿಯೂ ಹಾಗೆಯೇ ಎಂದು ಬೈದಳು. ಅವಳ ಗಂಡ ಬೊನವೆಂಚರ್ ಒಳಗಿನಿಂದಲೇ, ಅವಳು ಹೇಳುದು ಸರಿ ಅಂಕಲ್ ಎಂದ. ನನಗೆ ಆಗ ನಂಜನಗೂಡು ನೆನಪಾಯಿತು. ಅಪರ್ಣ ಹುಟ್ಟಿದಾಗ ನಿನ್ನನ್ನು ತವರಿನಿಂದ ಕರೆತರಲು ನಾನು ಬರಲಿಲ್ಲ, ಆಫೀಸಿನಲ್ಲಿ ರಜೆ ಸಿಗುವುದಿಲ್ಲ ಎಂದು ತಮ್ಮ ನಾರಾಯಣನನ್ನು ಕಳಿಸಿದ್ದೆ. ಕರೆಯೋಕೆ ನೀವು ಬರಲಿಲ್ಲ, ಮೈದುನನ್ನ ಕಳಿಸಿದ್ರಿ ಎಂದು ನೀನು ಎಷ್ಟು ಸಲ ಹೇಳಿಲ್ಲ! ನಾನು ಅದನ್ನು ಹೆಂಗಸರ ಹಳೇ ರಾಗ ಎಂದು ತಳ್ಳಿಹಾಕುತ್ತಿದ್ದೆ. ಕರೆಯದೆ ಹೆಣ್ಣು ತಾನಾಗಿ ಪೆಟ್ಟಿಗೆ ಎತ್ತಿಕೊಂಡು ಬರಬಾರದು ಎನ್ನುವುದು ನಿಮ್ಮ ಮನೆಯ ಕಟ್ಟು. ಸಮುದ್ರ ದಾಟಿ ಬಂದ ಮೇಲೆ ಅದೆಲ್ಲ ಕಳೆದುಹೋಯಿತು ಎಂದುಕೊಂಡಿದ್ದವನು ನಾನೊಬ್ಬನೇ ಇರಬೇಕು.

ನೀನಿಲ್ಲದೆ ನನಗೆ ಆಗುತ್ತಿಲ್ಲ. ಅಡುಗೆಗಲ್ಲ, ಅಡುಗೆ ಕಲಿತಿದ್ದೇನೆ, ಸಾರು ತಿನ್ನುವ ಹಾಗಿರುತ್ತದೆ. ಬೆಳಗ್ಗೆ ಕಾಡಿನ ಕಡೆಯಿಂದ ಹಕ್ಕಿಗಳ ಗಲಾಟೆ ಶುರುವಾದಾಗ, ಅದು ಯಾವ ಹಕ್ಕಿ ಎಂದು ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಹಿಂದೆಲ್ಲ ನಾನು ಕೇಳುತ್ತಿದ್ದೆನೇ ಎನ್ನಬೇಡ. ಕೇಳುತ್ತಿರಲಿಲ್ಲ. ಕೇಳದೆಯೇ ನೀನು ಹೇಳುತ್ತಿದ್ದೆ. ಮಲಗುವ ಮುಂಚೆ ಹಿತ್ತಿಲ ದೀಪ ಆರಿಸಲು ಹೋದಾಗ ಆ ಮರಗಳ ಸಾಲು ನೋಡುತ್ತಾ ನಿಂತುಬಿಡುತ್ತೇನೆ, ಒಳಗೆ ಬರಲು ಮನಸ್ಸಾಗುವುದಿಲ್ಲ. ಇಲ್ಲಿ ಈಗ ವ್ಯಾಟಲ್ ಹೂ ಬಿಟ್ಟಿದೆ, ಬೇಲಿಯುದ್ದಕ್ಕೂ ಹಳದಿ. ನೀನು ಕಾಣದೆ ಉದುರಿಹೋಗುವ ಮೂರನೆಯ ವರ್ಷದ ಹೂವು ಇದು.

ಆರನೆಯ ಅಧ್ಯಾಯವನ್ನು ತಿಂಗಳ ಕೊನೆಗೆ ಕೊಡಬೇಕು. ಕೊಡದಿದ್ದರೂ ಯಾರೂ ನನ್ನನ್ನು ನೇಣು ಹಾಕುವುದಿಲ್ಲ. ಅಪರ್ಣ, ಭಾಸ್ಕರ, ಅರ್ಜುನನಿಗೆ ನನ್ನ ಆಶೀರ್ವಾದ ತಿಳಿಸು. ಕಾಲಿಗೆ ಎಣ್ಣೆ ಹಚ್ಚಿಕೋ, ಅಲ್ಲಿ ಚಳಿ ಹೆಚ್ಚು.

ಇಂತು,
ನಿನ್ನನ್ನು ಕರೆಯಲು ಬಾರದವನು,
ವೆಂಕಟರಾಮ

ವಿ. ಸೂ.: ಕೋಬರ್ಗ್, ಮೆಲ್ಬರ್ನ್, ಸೋಮವಾರ ಬೆಳಗ್ಗೆ. ನಿನ್ನೆ ಇದನ್ನು ಪೋಸ್ಟ್ ಡಬ್ಬಿಯ ಬಾಯಿಯವರೆಗೆ ಒಯ್ದೆ. ಅರ್ಧ ಒಳಗೆ ಹೋದದ್ದನ್ನು ಎಳೆದುಕೊಂಡೆ. ಇದೂ ಆ ಟಿಕೆಟ್ಟಿನ ಹಾಗೇ ಆಗುತ್ತದಲ್ಲ ಎನ್ನಿಸಿತು. ರಾತ್ರಿಯ ಬಸ್ಸಿಗೆ ನಾನೇ ಹೊರಟೆ. ಬ್ರಿಜಿಟ್ ಬಸ್ ಸ್ಟ್ಯಾಂಡಿನವರೆಗೆ ಕಾರಿನಲ್ಲಿ ಬಿಟ್ಟಳು, ಅರಿಸಿನ ಕುಂಕುಮ ಹೂವಿಗೂ ಅವಳೇ ಅಂಗಡಿಗೆ ಕರೆದುಕೊಂಡು ಹೋದಳು. ಭಾನುವಾರದ ಫೋನು ಬರಲಿಲ್ಲವೆಂದು ನಿನಗೆ ಗಾಬರಿಯಾಗಿದ್ದರೆ ಕ್ಷಮಿಸು, ಆಗಿದ್ದರೆ ಸಂತೋಷವೂ ಹೌದು. ಈಗ ನಿಮ್ಮ ಮನೆಯ ಎದುರಿನ ಟ್ರಾಮ್ ಸ್ಟಾಪಿನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಎರಡು ಟ್ರಾಮ್ ಹೋದವು, ಇನ್ನೂ ಏಳಲಾಗಿಲ್ಲ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೇಳಿ ಹೇಳಿ ಅಭ್ಯಾಸ ಮಾಡಿದ್ದೇನೆ, ಸಣ್ಣ ಮಾತು. ಆದರೂ ನನ್ನ ಬಾಯಿಯ ಮೇಲೆ ನನಗೆ ನಂಬಿಕೆಯಿಲ್ಲ. ನೀನು ಇದನ್ನು ಓದುತ್ತಿದ್ದೀಯ ಎಂದರೆ ಬಾಗಿಲು ತೆರೆದ ನಿನ್ನ ಮುಖ ಕಂಡು ನನಗೆ ಮಾತೇ ಹೊರಡಲಿಲ್ಲ, ಮಾತಿನ ಬದಲು ಕಾಗದ ನಿನ್ನ ಕೈಗಿಟ್ಟೆ ಎಂದು ಅರ್ಥ. ಸಾಕು, ಇನ್ನು ಮಡಿಸಿಡು. ತಲೆ ಎತ್ತಿ ನೋಡು, ಭಾಗೀರಥಿ. ನಾನು ಹೋಗಿಲ್ಲ, ಇಲ್ಲೇ ನಿಂತಿದ್ದೇನೆ.